ಮೌಸ್ ಎಳಿಯೋದು ಸಾಕ್ರಿ! ಸೆಲೆಕ್ಟ್ ಮಾಡೋ ಶಾರ್ಟ್‌ಕಟ್ ಕಲಿಯೂಣು ಬರ್ರಿ

ನಮಸ್ಕಾರ್ರೀ ಎಲ್ಲಾರಿಗೂ. ಒಂದು ಕೆಲಸ ಮಾಡ್ರಿ, ಹತ್ತು ಹಾಳಿ ಇರೋ ವರ್ಡ್ ಫೈಲ್ ಒಂದು ತೆಗೀರಿ, ಎರಡನೇ ಹಾಳಿಯಿಂದ ಎಂಟನೇ ಹಾಳಿ ಮಟ ಸೆಲೆಕ್ಟ್ ಮಾಡ್ರಿ ನೋಡೂಣು. ಭಾಳ ಮಂದಿ ಏನ್ ಮಾಡ್ತಾರ, ಮೌಸ್ ಒತ್ತಿ ಹಿಡದು ಕೆಳಗ ಎಳಕೋತ ಹೊಂಟಬಿಡ್ತಾರ, ಸ್ಕ್ರೀನಿನ ಬುಡಕ್ಕ ಬಂದಕೂಡ್ಲೆ ಅದು ಒಮ್ಮೆಲೆ ದಡದಡ ಓಡಿ ಹತ್ತನೇ ಹಾಳಿಗೆ ಹೋಗಿ ನಿಂದರ್ತೈತಿ, ವಾಪಸ್ ಮ್ಯಾಲೆ ಎಳದ್ರ ಮೂರನೇದಕ್ಕ, ನಡುವ ಬಟ್ಟು ಸಡಲಾತು ಅಂದ್ರ ಮತ್ತ ಮೊದಲಿಂದ. ಲ್ಯಾಪ್‌ಟಾಪ್ ಟಚ್‌ಪ್ಯಾಡ್ ಇದ್ರಂತೂ ಕೇಳಬ್ಯಾಡ್ರಿ.

ಇವತ್ತು ಶಾರ್ಟ್‌ಕಟ್ ಭಾಳ ಬರ್ತಾವ, ಆದ್ರ ಬಾಯಿಪಾಠ ಮಾಡೋದೇನೂ ಬ್ಯಾಡ. ಶಿಫ್ಟ್ ಏನ್ ಮಾಡ್ತೈತಿ, ಕಂಟ್ರೋಲ್ ಏನ್ ಮಾಡ್ತೈತಿ, ಇವೆರಡು ತಲಿಗೆ ಹೋದ್ರ ಉಳದದ್ದು ನೀವ ಊಹೆ ಮಾಡ್ತೀರಿ.

[ಸ್ಕ್ರೀನ್: ವರ್ಡ್ ಫೈಲ್, ಕರ್ಸರ್ ಮಿಣಮಿಣ ಅನ್ನೋದು ಕಾಣಬೇಕು]

ಮೊದಲು ಎಲ್ಲೆ ಕ್ಲಿಕ್ ಮಾಡಿದ್ರಿ, ಅಲ್ಲೊಂದು ಗೂಟ ಬಡದಂಗ ಅಂತ ತಿಳ್ಕೋರಿ. ಶಿಫ್ಟ್ ಅಂದ್ರ ಆ ಗೂಟಕ್ಕ ಕಟ್ಟಿದ ಹಗ್ಗ, ನೀವು ಎಲ್ಲೀಮಟ ಹೋಗ್ತೀರಿ ಅಲ್ಲೀಮಟ ಎಲ್ಲಾ ಸೆಲೆಕ್ಟ್. ಈಗ ಎರಡನೇ ಹಾಳಿ ಮೊದಲನೇ ಅಕ್ಷರದ ಮುಂದ ಕ್ಲಿಕ್ ಮಾಡ್ರಿ, ಮೌಸ್ ಬಿಟ್ಟಬಿಡ್ರಿ, ಆರಾಮ ಸ್ಕ್ರೋಲ್ ಮಾಡ್ಕೋತ ಎಂಟನೇ ಹಾಳಿ ಕಡೀಕ ಹೋಗ್ರಿ, ನಡುವ ಚಹಾ ಕುಡದು ಬಂದ್ರೂ ನಡೀತೈತಿ, ಅಲ್ಲೆ ಶಿಫ್ಟ್ ಹಿಡದು ಒಂದ ಕ್ಲಿಕ್. ಮುಗೀತು. ಎರಡು ಸಾಲು ಹೆಚ್ಚಾತೇನು? ಶಿಫ್ಟ್ ಹಿಡದ ಇರ್ರಿ, ಮ್ಯಾಲಿನ ಬಾಣದ ಕೀ ಎರಡು ಸಲ ಒತ್ರಿ, ಹಗ್ಗ ಗಿಡ್ಡ ಆಗ್ತೈತಿ. ಹೊಸದಾಗಿ ಶುರು ಮಾಡೋದ ಬ್ಯಾಡ.

ಇನ್ನ ಕಂಟ್ರೋಲ್. ಬಾಣದ ಕೀ ಜೋಡಿ ಹಿಡದ್ರ ಇದು ದೊಡ್ಡ ಹೆಜ್ಜಿ ಹಾಕ್ತೈತಿ. ಬರೇ ಶಿಫ್ಟ್ ಮತ್ತ ಬಲಗಡೆ ಬಾಣ ಒತ್ತಿದ್ರ ಒಂದೊಂದ ಅಕ್ಷರ, ಕಂಟ್ರೋಲ್ ಸೇರಿಸಿದ್ರ ಒಂದೊಂದು ಪದ. ಶಿಫ್ಟ್ ಮತ್ತ ಎಂಡ್ ಅಂದ್ರ ಸಾಲಿನ ಕಡೀಮಟ, ಕಂಟ್ರೋಲ್ ಸೇರಿಸಿದ್ರ ಇಡೀ ಫೈಲಿನ ಕಡೀಮಟ. ಎಂಡ್ ಬದಲಿ ಹೋಮ್ ಒತ್ತಿದ್ರ ಇದ ಉಲ್ಟಾ. ಸಣ್ಣ ಲ್ಯಾಪ್‌ಟಾಪ್‌ನಾಗ ಹೋಮ್, ಎಂಡ್ ಬ್ಯಾರೆ ಇರಂಗಿಲ್ಲ, ಭಾಳಷ್ಟರಾಗ ಎಫ್‌ಎನ್ ಹಿಡದು ಎಡಕ್ಕ ಬಲಕ್ಕ ಬಾಣ ಒತ್ತಿದ್ರ ಅದ ಕೆಲಸ ಮಾಡ್ತಾವ.

ಕನ್ನಡ ಟೈಪ್ ಮಾಡೋರಿಗೆ ಒಂದು ಮಾತ್ರಿ. ಯುನಿಕೋಡ್‌ನಾಗ ‘ಕ್ಷ’ ಅನ್ನೋದು ಕಣ್ಣಿಗೆ ಒಂದ ಅಕ್ಷರ, ಒಳಗ ಮೂರು ತುಂಡು: ಕ, ಅರ್ಧ ಮಾಡೋ ಹಲಂತ, ಆಮ್ಯಾಲೆ ಷ. ಅದಕ್ಕ ಬ್ಯಾಕ್‌ಸ್ಪೇಸ್ ಒತ್ತಿದ್ರ ಸಾಮಾನ್ಯವಾಗಿ ಒಂದೊಂದ ತುಂಡು ಹೋಗ್ತೈತಿ, ಮಂದಿ ಫೈಲ್ ಕೆಟ್ಟೈತಿ ಅಂತ ಗಾಬರಿ ಆಗ್ತಾರ. ಏನೂ ಕೆಟ್ಟಿಲ್ರಿ. ಪದ ಪೂರ್ತಿ ಬದಲಿ ಮಾಡೋದಿದ್ರ ಅದರ ಮ್ಯಾಲೆ ಡಬಲ್ ಕ್ಲಿಕ್ ಮಾಡಿ ಹೊಸಾದು ಟೈಪ್ ಮಾಡ್ಕೋತ ಹೋಗ್ರಿ, ಹಳೇದು ತಾನ ಅಳಿಸಿ ಹೋಗ್ತೈತಿ.

[ಸ್ಕ್ರೀನ್: ಎಡಗಡೆ ಮಾರ್ಜಿನ್ ಜೂಮ್]

ಡಬಲ್ ಕ್ಲಿಕ್‌ಗೆ ಪದ, ಮೂರು ಕ್ಲಿಕ್‌ಗೆ ಪ್ಯಾರಾ, ಇದು ಭಾಳ ಮಂದಿಗೆ ಗೊತ್ತೈತಿ. ಗೊತ್ತಿಲ್ಲದ್ದು ಯಾವುದಂದ್ರ ಎಡಗಡೆ ಖಾಲಿ ಮಾರ್ಜಿನ್. ಕರ್ಸರ್ ಅಲ್ಲಿ ಒಯ್ದ್ರ ಬಾಣ ಬಲಕ್ಕ ವಾಲ್ತೈತಿ ನೋಡ್ರಿ, ಅಲ್ಲೆ ಒಂದು ಕ್ಲಿಕ್‌ಗೆ ಸಾಲು, ಎರಡಕ್ಕ ಪ್ಯಾರಾ, ಮೂರಕ್ಕ ಇಡೀ ಫೈಲ್. ಕಂಟ್ರೋಲ್ ಹಿಡದು ವಾಕ್ಯದ ಮ್ಯಾಲೆ ಕ್ಲಿಕ್ ಮಾಡಿದ್ರ ಆ ವಾಕ್ಯ ಅಷ್ಟ. ಇವೆಲ್ಲಾ ವರ್ಡ್‌ನಾಗಿನ ಮಾತು ಮತ್ತ, ಬ್ರೌಸರ್‌ನಾಗ ಮಾರ್ಜಿನ್ ಆಟ ನಡಿಯಂಗಿಲ್ಲ. ಕೆಲವರದು ಒಂದ ತಕರಾರು, ಅರ್ಧ ಪದ ಎಳದ್ರ ಪೂರ್ತಿ ಪದಾನ ಹಿಡೀತೈತಿ ಅಂತ. ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್ ಒಳಗ ಹೋಗ್ರಿ, ಪೂರ್ತಿ ಪದ ತಾನ ಸೆಲೆಕ್ಟ್ ಮಾಡೋ ಟಿಕ್ ಇರ್ತೈತಿ, ತಗದ ಒಗೀರಿ. ನನಗಂತೂ ಆ ಟಿಕ್ ಯಾಕ ಇಟ್ಟಾರೋ ಇನ್ನೂ ಅರ್ಥ ಆಗಿಲ್ಲ.

ಮತ್ತ ಆಲ್ಟ್. ವಾಟ್ಸಾಪಿನಿಂದ ಹೆಸರಿನ ಲಿಸ್ಟ್ ಬಂದಿರ್ತೈತಿ, ಪ್ರತಿ ಹೆಸರಿನ ಮುಂದ 1, 2, 3 ಅಂತ ನಂಬರ್, ನಿಮಗ ನಂಬರ್ ಬ್ಯಾಡ. ವರ್ಡ್‌ನಾಗ ಆಲ್ಟ್ ಹಿಡದು ಆ ನಂಬರಿನ ಮ್ಯಾಲಿಂದ ಕೆಳಗ ಎಳೀರಿ, ಉದ್ದಕ ಒಂದು ಪಟ್ಟಿ ಅಷ್ಟ ಸೆಲೆಕ್ಟ್ ಆಗ್ತೈತಿ, ಡಿಲೀಟ್ ಒತ್ರಿ. ಮೌಸ್ ಎಳೀಬ್ಯಾಡ್ರಿ ಅಂದವನ ಇಲ್ಲೆ ಎಳೀರಿ ಅನ್ನಾಕತ್ತೀನಿ, ಇದಕ್ಕ ಎಳದ್ರ ಚೊಲೋ.

ಹಳೇ ನುಡಿ ಫಾಂಟ್‌ನಾಗ ಇನ್ನೂ ಕೆಲಸ ಮಾಡೋ ಡಿಟಿಪಿ ಮಂದಿ ಇದನ್ನ ಕೇಳ್ರಿ. ಕಂಟ್ರೋಲ್ ಎ ಹೊಡದು ಇಡೀ ಫೈಲ್ ಸೆಲೆಕ್ಟ್ ಮಾಡಿ ಫಾಂಟ್ ಬದಲಿ ಮಾಡಿದ್ರಿ ಅಂದ್ರ ಕನ್ನಡ ಎಲ್ಲಾ ಹೋಗಿ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ ಆಗ್ತೈತಿ, ಯಾಕಂದ್ರ ಅಲ್ಲೆ ಇಂಗ್ಲಿಷ್ ಅಕ್ಷರದ ಜಾಗಾದಾಗ ಕನ್ನಡದ ಚಿತ್ರ ಕೂಡಿಸಿರ್ತಾರ. ಲಗ್ನಪತ್ರದಾಗ ಇಂಗ್ಲಿಷ್ ಸಾಲಿನ ಫಾಂಟ್ ಅಷ್ಟ ಬದಲಿ ಆಗಬೇಕಂದ್ರ ಒಂದು ಇಂಗ್ಲಿಷ್ ಪದದಾಗ ಕರ್ಸರ್ ಇಡ್ರಿ, ಹೋಮ್ ಟ್ಯಾಬಿನ ಬಲತುದಿ ಸೆಲೆಕ್ಟ್ ಅಂತ ಐತಲ್ಲ, ಅದರಾಗ ಒಂದ ನಮೂನಿ ಫಾರ್ಮ್ಯಾಟ್ ಇರೋದನ್ನೆಲ್ಲಾ ಹಿಡಿಯೋ ಆಪ್ಷನ್ ಐತಿ. ಗದಗ ಕಡೆ ಪ್ರೆಸ್ ಭಾಳ ಅದಾವಲ್ರಿ, ಅಲ್ಲೆ ಕೆಲಸ ಮಾಡೋ ಹುಡುಗ್ರಿಗೆ ಈ ವಿಡಿಯೋ ಕಳಸ್ರಿ.

ಎಕ್ಸೆಲ್ ಬಗ್ಗೆ ಬ್ಯಾರೆ ವಿಡಿಯೋನ ಮಾಡಬೇಕು. ಈಗ ಇಷ್ಟು: ಬ್ಯಾಡಗಿ ಮೆಣಸಿನಕಾಯಿ ರೇಟಿನ ಉದ್ದ ಕಾಲಮ್ ಇದ್ರ ಮೊದಲನೇ ಡಬ್ಬಿ ಮ್ಯಾಲೆ ನಿಂತು ಕಂಟ್ರೋಲ್ ಶಿಫ್ಟ್ ಕೆಳಗಿನ ಬಾಣ, ಕಡೀಮಟ ಹಿಡೀತೈತಿ. ನಡುವ ಖಾಲಿ ಡಬ್ಬಿ ಇದ್ರ ಅಲ್ಲೇ ನಿಂದರ್ತೈತಿ, ಅದೊಂದು ನೋಡ್ಕೋರಿ.

[ಸ್ಕ್ರೀನ್: ಮದುವಿ ಫೋಟೋ ತುಂಬಿದ ಫೋಲ್ಡರ್]

ಈಗ ಫೈಲ್. ಮದುವಿ ಮುಗೀತು, ಸ್ಟುಡಿಯೋದವ್ರು ಪೆನ್‌ಡ್ರೈವ್ ಕೊಟ್ಟು ಆಲ್ಬಮ್‌ಗೆ ಆರಿಸಿ ಕೊಡ್ರಿ ಅಂತಾರ, ಮನಿ ಮಂದಿ ಎಲ್ಲಾ ಸುತ್ತ ಕುಂತು ಇದು ಬೇಕು ಅದು ಬೇಕು ಅಂತ ಗದ್ದಲ. ಅದ ಗೂಟ, ಅದ ಹಗ್ಗ. ಅಕ್ಕಿಕಾಳಿನ ಮೊದಲನೇ ಫೋಟೋ ಕ್ಲಿಕ್ ಮಾಡ್ರಿ, ಕಡೀದಕ್ಕ ಶಿಫ್ಟ್ ಕ್ಲಿಕ್. ಮೌಸ್ ಜೋಡಿ ಕಂಟ್ರೋಲ್ ಅಂದ್ರ ಒಂದೊಂದನ್ನ ಹಾಕೋದು, ತಗಿಯೋದು: ಕಣ್ಣು ಮುಚ್ಚಿದ ಫೋಟೋ ಮ್ಯಾಲೆ ಕಂಟ್ರೋಲ್ ಕ್ಲಿಕ್ ಮಾಡಿದ್ರ ಅದು ಬಿಟ್ಟು ಹೋಗ್ತೈತಿ. ಆಮ್ಯಾಲೆ ಊಟದ ಪಂಗ್ತಿ ಫೋಟೋನೂ ಬೇಕಂತಾರ ಮಾಮಾರು, ಆಗ ಪಂಗ್ತಿ ಮೊದಲನೇದಕ್ಕ ಕಂಟ್ರೋಲ್ ಕ್ಲಿಕ್, ಕಡೀದಕ್ಕ ಕಂಟ್ರೋಲ್ ಶಿಫ್ಟ್ ಎರಡೂ ಹಿಡದು ಕ್ಲಿಕ್, ಹಿಂದಿಂದು ಹೋಗಂಗಿಲ್ಲ, ಹೊಸಾದು ಸೇರ್ತೈತಿ.

ಕಂಟ್ರೋಲ್ ಹಿಡದು ಕ್ಲಿಕ್ ಮಾಡೋವಾಗ ಕೈ ಒಂಚೂರು ಸರದ್ರ ಅದು ಕಾಪಿ ಅಂತ ತಿಳ್ಕೋತೈತಿ, ಆರಿಸಿದ್ದೆಲ್ಲಾ ಅದ ಫೋಲ್ಡರ್‌ನಾಗ ಡಬಲ್. ತಕ್ಷಣ ಕಂಟ್ರೋಲ್ ಝಡ್ ಹೊಡೀರಿ. ಕೈ ನಡುಗೋ ಹಿರಿಯಾರಿಗೆ ಬ್ಯಾರೆ ದಾರಿ ಐತಿ, ವಿಂಡೋಸ್ 11ನಾಗ ವ್ಯೂ, ಶೋ, ಐಟಮ್ ಚೆಕ್ ಬಾಕ್ಸಸ್ ಹಚ್ಚಿ ಕೊಡ್ರಿ, ಪ್ರತಿ ಫೋಟೋದ ಮೂಲ್ಯಾಗ ಟಿಕ್ ಹಾಕೋ ಡಬ್ಬಿ ಬರ್ತೈತಿ, ಕೀಬೋರ್ಡ್ ಮುಟ್ಟೋದ ಬ್ಯಾಡ.

ಬ್ಯಾಡಾದ್ವು ಕಡಿಮಿ, ಬೇಕಾದ್ವು ಜಾಸ್ತಿ ಇದ್ರ? ಬ್ಯಾಡಾದ್ವನ್ನ ಆರಿಸ್ರಿ, ಮ್ಯಾಲೆ ಮೂರು ಚುಕ್ಕಿ ಒತ್ತಿ ಇನ್ವರ್ಟ್ ಸೆಲೆಕ್ಷನ್ ಅನ್ರಿ, ಉಲ್ಟಾ ಆಗಿ ಉಳದದ್ದೆಲ್ಲಾ ಸೆಲೆಕ್ಟ್. ವಿಂಡೋಸ್ 10ನಾಗ ಇದು ಹೋಮ್ ಟ್ಯಾಬ್‌ನಾಗ ಐತಿ. ನನ್ನ ಕೇಳಿದ್ರ ಇವತ್ತಿನ ವಿಡಿಯೋದಾಗ ಇದೊಂದ ಸಾಕು.

ಆರಿಸಿದ್ದು ಎಷ್ಟಾದ್ವು ಅಂತ ವಿಂಡೋದ ಬುಡಕ ಎಡಗಡೆ ತೋರಸ್ತೈತಿ, ಒಂದೊಂದ ಎಣಸ್ಕೋತ ಕೂಡಬ್ಯಾಡ್ರಿ. ಮತ್ತ 15ಕ್ಕಿಂತ ಹೆಚ್ಚು ಫೈಲ್ ಹಿಡದು ರೈಟ್ ಕ್ಲಿಕ್ ಮಾಡಿದ್ರ ಓಪನ್ ಅನ್ನೋದ ಕಾಣಂಗಿಲ್ಲ. ಕಂಪ್ಯೂಟರ್ ಕೆಟ್ಟಿಲ್ಲ, ಒಮ್ಮೆಲೆ ಎಲ್ಲಾ ತಕ್ಕೊಂಡು ಹ್ಯಾಂಗ್ ಆಗಬಾರದಂತ ವಿಂಡೋಸ್‌ನವ್ರ ಹಂಗ ಇಟ್ಟಾರ.

ಆರಿಸಿದ ಮ್ಯಾಲೆ ಕಂಟ್ರೋಲ್ ಸಿ ಹೊಡದು ಕಂಪ್ಯೂಟರ್‌ನಾಗ ಹೊಸಾ ಫೋಲ್ಡರ್ ಮಾಡಿ ಕಂಟ್ರೋಲ್ ವಿ. ಈ ಕಟ್, ಕಾಪಿ, ಪೇಸ್ಟ್‌ಗೆ ರೂಪ ಕೊಟ್ಟಾಂವ ಲ್ಯಾರಿ ಟೆಸ್ಲರ್ ಅಂತ, 1970ರ ದಶಕದಾಗ ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಲ್ಯಾಬಿನಾಗ ಟಿಮ್ ಮಾಟ್ ಜೋಡಿ ಕೂಡಿ ಮಾಡಿದ್ದು, 2020ರಾಗ ತೀರಿಕೊಂಡಾರ. ಹೊಸಾ ಫೋಲ್ಡರ್‌ನಾಗ ಕಂಟ್ರೋಲ್ ಎ, ಆಮ್ಯಾಲೆ ಎಫ್ 2 ಒತ್ತಿ ‘ಆಲ್ಬಮ್’ ಅಂತ ಹೆಸರು ಕೊಟ್ಟು ಎಂಟರ್ ಹೊಡೀರಿ, ಎಲ್ಲಾ ಫೋಟೋಕ್ಕೂ ಅದ ಹೆಸರು, ಮುಂದ ನಂಬರ್ ತಾನ ಬೀಳ್ತೈತಿ. ಸ್ಟುಡಿಯೋದವ್ರು ಅವರ ಫೈಲ್ ನಂಬರ್ ಕೇಳೂರಿದ್ರ ಮಾತ್ರ ಹೆಸರು ಬದಲಿ ಮಾಡಬ್ಯಾಡ್ರಿ.

ಇಷ್ಟೆಲ್ಲಾ ಪೆನ್‌ಡ್ರೈವ್‌ನಾಗ ಮಾಡದ ಕಂಪ್ಯೂಟರ್‌ಗೆ ಕಾಪಿ ಮಾಡ್ಕೊಂಡು ಮಾಡ್ರಿ ಅನ್ನಾಕ ಕಾರಣ ಐತಿ. ಕಂಪ್ಯೂಟರ್‌ನಾಗ ಡಿಲೀಟ್ ಆದದ್ದು ರೀಸೈಕಲ್ ಬಿನ್‌ನಾಗ ಕುಂತಿರ್ತೈತಿ, ಶಿಫ್ಟ್ ಡಿಲೀಟ್ ಒತ್ತಿದ್ರಷ್ಟ ನೇರ ಹೋಗ್ತೈತಿ. ಪೆನ್‌ಡ್ರೈವ್‌ನಾಗ ಸಾದಾ ಡಿಲೀಟ್ ಒತ್ತಿದ್ರೂ ಬಿನ್‌ಗೆ ಬರಂಗಿಲ್ಲ, ಇನ್ವರ್ಟ್ ಮಾಡೋದು ಮರತು ಡಿಲೀಟ್ ಒತ್ತಿದ್ರಿ ಅಂದ್ರ ಸ್ಟುಡಿಯೋಕ್ಕ ಫೋನ್ ಹಚ್ಚೋದ ಗತಿ.