ಗುರುವಿಗೇ ತಿರುಮಂತ್ರ

ನಮಸ್ಕಾರ. ಇವತ್ತು ಅಮೆರಿಕದ ಕಾಲೇಜು ಫುಟ್‌ಬಾಲ್ ಬಗ್ಗೆ ಮಾತಾಡುತ್ತೇನೆ. ನಮಗೆ ಗೊತ್ತಿರುವ ಫುಟ್‌ಬಾಲ್ ಅಲ್ಲ ಅದು. ಮೊಟ್ಟೆಯಂಥ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು, ತಲೆಗೆ ಹೆಲ್ಮೆಟ್ ಹಾಕಿಕೊಂಡು ನುಗ್ಗುವ ಆಟ. ಆಡುವವರು ಕಾಲೇಜು ಹುಡುಗರು, ನೋಡಲು ಬರುವವರು ಒಂದು ಲಕ್ಷ ಜನ. ಸುಮ್ನೆ ಹೇಳುತ್ತಿಲ್ಲ, ಆನ್ ಆರ್ಬರ್ ಊರಿನಲ್ಲಿರುವ ಮಿಷಿಗನ್ ವಿಶ್ವವಿದ್ಯಾಲಯದ ಸ್ಟೇಡಿಯಂನಲ್ಲಿ 1,07,601 ಸೀಟುಗಳಿವೆ.

ಈ ಮಿಷಿಗನ್‌ಗೂ ಪಕ್ಕದ ರಾಜ್ಯದ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯಕ್ಕೂ 1897ರಿಂದ ಜಿದ್ದು. ಎಷ್ಟು ಜಿದ್ದು ಅಂದರೆ, ಒಹಾಯೋ ಸ್ಟೇಟ್‌ನ ಕೋಚ್ ವುಡಿ ಹೇಸ್ ಮಿಷಿಗನ್ ಹೆಸರನ್ನು ಬಾಯಲ್ಲೇ ತರುತ್ತಿರಲಿಲ್ಲ. ಉತ್ತರದ ಆ ಕಾಲೇಜು ಅನ್ನುತ್ತಿದ್ದರು, ಅಷ್ಟೇ.

ನಾನು ಹೇಳಬೇಕು ಅಂದುಕೊಂಡಿರುವುದು ವುಡಿಯ ಶಿಷ್ಯನ ಕತೆ. ಹೆಸರು ಬೋ ಶೆಂಬೆಕ್ಲರ್. ಹುಟ್ಟಿದ್ದು ಒಹಾಯೋದಲ್ಲೇ, 1929ರಲ್ಲಿ. ಓದಿದ್ದು ಅದೇ ರಾಜ್ಯದ ಮಯಾಮಿ ವಿಶ್ವವಿದ್ಯಾಲಯದಲ್ಲಿ, ಅಲ್ಲಿ ಆಟ ಹೇಳಿಕೊಟ್ಟವರು ವುಡಿ. ಆಮೇಲೆ 1958ರಿಂದ 1962ರವರೆಗೆ ಒಹಾಯೋ ಸ್ಟೇಟ್‌ನಲ್ಲಿ ವುಡಿಯ ಕೈಕೆಳಗೇ ಸಹಾಯಕ ಕೋಚ್. ಇಬ್ಬರೂ ಮಹಾ ಕೋಪಿಷ್ಠರು. ಬೈದಾಡಿಕೊಂಡೇ ಒಬ್ಬರನ್ನೊಬ್ಬರು ಹಚ್ಚಿಕೊಂಡಿದ್ದರು.

ಅಂಥ ಬೋ, 1969ರಲ್ಲಿ ಮಿಷಿಗನ್‌ಗೆ ಕೋಚ್ ಆಗಿ ಹೋದರು. ಉಂಡ ಮನೆಗೆ ಎರಡು ಬಗೆದ ಅಂತ ಒಹಾಯೋದವರಿಗೆ ಅನ್ನಿಸಿರಬೇಕು. ನನಗೆ ಹಾಗನ್ನಿಸುವುದಿಲ್ಲ. ಗುರುವಿನ ನೆರಳಲ್ಲೇ ಇದ್ದಿದ್ದರೆ ಬೋ ಇನ್ನೊಬ್ಬ ವುಡಿ ಆಗುತ್ತಿದ್ದರು, ಅದೂ ಸ್ವಲ್ಪ ಚಿಕ್ಕ ವುಡಿ. ಎದುರು ನಿಂತಿದ್ದರಿಂದಲೇ ಅವರು ಬೋ ಆದರು.

ಹಿಂದಿನ ವರ್ಷವಷ್ಟೇ, 1968ರಲ್ಲಿ, ಒಹಾಯೋ ಸ್ಟೇಟ್ ಮಿಷಿಗನ್ನನ್ನು 50–14ರಲ್ಲಿ ಹೊಸಕಿ ಹಾಕಿತ್ತು. ಪಂದ್ಯ ಯಾವಾಗಲೋ ಮುಗಿದುಹೋಗಿದ್ದರೂ ಕೊನೆಯಲ್ಲಿ, ಚೆಂಡನ್ನು ಗೆರೆ ದಾಟಿಸಿದ ಮೇಲೆ ಸಿಗುವ ಹೆಚ್ಚುವರಿ ಅವಕಾಶದಲ್ಲಿ, ವುಡಿ ತಂಡ ಸುಲಭದ ಒಂದು ಪಾಯಿಂಟ್ ಬಿಟ್ಟು ಎರಡು ಪಾಯಿಂಟಿಗೆ ಕೈಹಾಕಿತು. ಅದು ಸಿಗಲಿಲ್ಲ, ಆದರೆ ಗಾಯಕ್ಕೆ ಉಪ್ಪು ಸವರಿದ ಹಾಗಾಯಿತು ಅಲ್ವಾ? ಬೋ ಅದನ್ನು ಮರೆಯಲು ಬಿಡಲಿಲ್ಲ. ಅಭ್ಯಾಸದಲ್ಲಿ ಎದುರಾಳಿಗಳಾಗಿ ಆಡುವ ಹುಡುಗರ ಅಂಗಿಯ ಮೇಲೆ 50 ಅನ್ನುವ ಅಂಕಿ ಅಂಟಿಸಿದರು. 1969ರ ನವೆಂಬರ್ 22ಕ್ಕೆ ವುಡಿ ತಂಡ ಆನ್ ಆರ್ಬರ್‌ಗೆ ಬಂದಾಗ ಅದು ದೇಶಕ್ಕೇ ಮೊದಲನೆಯದು, ಸತತ 22 ಪಂದ್ಯ ಗೆದ್ದಿತ್ತು. ಮಿಷಿಗನ್ 24–12ರಲ್ಲಿ ಗೆದ್ದಿತು. ಗುರುವಿಗೇ ತಿರುಮಂತ್ರ ಹಾಕಿದ ಶಿಷ್ಯ ಐದು ವಾರ ಕಳೆದು ರೋಸ್ ಬೌಲ್ ಪಂದ್ಯಕ್ಕೆ, ಅಂದರೆ ಋತು ಮುಗಿದ ಮೇಲೆ ಆಯ್ದ ತಂಡಗಳಷ್ಟೇ ಆಡುವ ಬೌಲ್ ಪಂದ್ಯಗಳಲ್ಲೊಂದಕ್ಕೆ, ಕ್ಯಾಲಿಫೋರ್ನಿಯಾಕ್ಕೆ ಹೋದರು, ಪಂದ್ಯದ ಹಿಂದಿನ ರಾತ್ರಿ ಹೃದಯಾಘಾತವಾಗಿ ಆಸ್ಪತ್ರೆ ಸೇರಿದರು. ಆಗ ವಯಸ್ಸು 40.

ಅಲ್ಲಿಂದ 1978ರವರೆಗಿನ ಕಾಲಕ್ಕೆ ಅಲ್ಲಿಯ ಜನ ಹತ್ತು ವರ್ಷದ ಯುದ್ಧ ಅಂತಲೇ ಹೆಸರಿಟ್ಟಿದ್ದಾರೆ. ಶಿಷ್ಯ ಐದು ಗೆದ್ದರು, ಗುರು ನಾಲ್ಕು, ಒಂದು ಸಮ. ಆ ಸಮವಾದ ಪಂದ್ಯ ಇದೆಯಲ್ಲ, 1973ರದು, ಅದನ್ನು ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. 10–10. ಆಗ ಅವರ ಬಿಗ್ ಟೆನ್ ಅನ್ನುವ ಹತ್ತು ಕಾಲೇಜುಗಳ ಕೂಟದಿಂದ ಒಂದೇ ತಂಡ, ಅದೂ ರೋಸ್ ಬೌಲ್‌ಗೆ ಮಾತ್ರ ಹೋಗಬಹುದಿತ್ತು. ಒಹಾಯೋ ಸ್ಟೇಟ್ ಹಿಂದಿನ ವರ್ಷ ಹೋಗಿಬಂದಿತ್ತು, ಈ ಸಲ ನಮ್ಮದು ಅಂತ ಮಿಷಿಗನ್ ಹುಡುಗರು ಕಾದಿದ್ದರು. ಹತ್ತು ಕಾಲೇಜುಗಳ ಕ್ರೀಡಾ ನಿರ್ದೇಶಕರು ಮತ ಹಾಕಿದರು. 6–4ರಲ್ಲಿ ಒಹಾಯೋ ಸ್ಟೇಟ್ ಪಾಲಾಯಿತು. 1972ರಿಂದ 1974ರವರೆಗೆ ಮಿಷಿಗನ್ 30 ಪಂದ್ಯ ಗೆದ್ದು, ಎರಡು ಸೋತು, ಒಂದು ಸಮ ಮಾಡಿಕೊಂಡಿತು. ಅಷ್ಟು ಗೆದ್ದರೂ ಆ ಹುಡುಗರಿಗೆ ಒಂದೇ ಒಂದು ಬೌಲ್ ಪಂದ್ಯ ಆಡಲು ಸಿಗಲಿಲ್ಲ. 1975ರಲ್ಲಿ ಆ ನಿಯಮ ಹೋಯಿತು. ಬೋ ಸಿಟ್ಟು ಮಾತ್ರ ಹೋಗಲಿಲ್ಲ.

ವುಡಿಯ ಕೊನೆ ಕೆಟ್ಟದಾಯಿತು. 1978ರ ಡಿಸೆಂಬರ್ 29, ಗೇಟರ್ ಬೌಲ್, ಎದುರಿಗೆ ಕ್ಲೆಮ್ಸನ್. ಪಂದ್ಯ ಕೈಜಾರುವ ಹೊತ್ತಿಗೆ ಚೆಂಡು ಕಿತ್ತುಕೊಂಡ ಎದುರು ತಂಡದ ಹುಡುಗನಿಗೆ ವುಡಿ ಗುದ್ದಿಬಿಟ್ಟರು. ಟಿವಿಯಲ್ಲಿ ದೇಶವೆಲ್ಲ ನೋಡಿತು. 28 ವರ್ಷ ಅಲ್ಲೇ ದುಡಿದು 205 ಪಂದ್ಯ ಗೆಲ್ಲಿಸಿಕೊಟ್ಟ ಮನುಷ್ಯನನ್ನು ಮರುದಿನ ಬೆಳಿಗ್ಗೆ ಕೆಲಸದಿಂದ ತೆಗೆದರು. ತೆಗೆದಿದ್ದು ಸರಿ. ಕೋಚ್ ಆದವನು ಆಟಗಾರನ ಮೇಲೆ ಕೈ ಎತ್ತಬಾರದು, ಇದರಲ್ಲಿ ಎರಡು ಮಾತಿಲ್ಲ.

ಬೋ ಉಳಿದರು. 1982ರಲ್ಲಿ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯ ಅವರನ್ನು ಕರೆಯಿತು. ಆ ಕಾಲಕ್ಕೆ ಯಾವ ಕಾಲೇಜು ಕೋಚೂ ಕಂಡಿರದ ದುಡ್ಡು. ಯೋಚಿಸಿದರು, ಬೇಡ ಅಂದರು. 1989ರಲ್ಲಿ ಅವರೇ ಮಿಷಿಗನ್‌ನ ಕ್ರೀಡಾ ನಿರ್ದೇಶಕರೂ ಆಗಿದ್ದಾಗ, ಬ್ಯಾಸ್ಕೆಟ್‌ಬಾಲ್ ಕೋಚ್ ಬಿಲ್ ಫ್ರೀಡರ್ ರಾಷ್ಟ್ರೀಯ ಟೂರ್ನಿಗೆ ಇನ್ನೇನು ಎರಡು ಮೂರು ದಿನ ಇರುವಾಗ ಅರಿಜೋನಾ ಸ್ಟೇಟ್‌ಗೆ ಹೋಗುವುದಾಗಿ ಹೇಳಿದರು. ಟೂರ್ನಿ ಮುಗಿಸಿಕೊಂಡು ಹೋಗುತ್ತೇನೆ ಅಂದರೂ ಬೋ ಒಪ್ಪಲಿಲ್ಲ. ಮಿಷಿಗನ್ ತಂಡವನ್ನು ನಡೆಸುವವನು ಮಿಷಿಗನ್ ಮನುಷ್ಯನೇ ಆಗಿರಬೇಕು ಅಂತ ಪಟ್ಟು ಹಿಡಿದು ಸಹಾಯಕ ಸ್ಟೀವ್ ಫಿಷರ್ ಕೈಗೆ ತಂಡ ಕೊಟ್ಟರು. ಫಿಷರ್ ಆ ತಂಡವನ್ನು ರಾಷ್ಟ್ರೀಯ ಚಾಂಪಿಯನ್ ಮಾಡಿಬಿಟ್ಟರು! ಬೋಗೆ ಫುಟ್‌ಬಾಲ್‌ನಲ್ಲಿ ಆ ಪಟ್ಟ ಒಂದು ಸಲವೂ ಸಿಗಲಿಲ್ಲ. ಅಲ್ಲಿ 194 ಪಂದ್ಯ ಗೆದ್ದರು, ಬಿಗ್ ಟೆನ್ 13 ಸಲ ಗೆದ್ದರು, ಅದೊಂದು ಮಾತ್ರ ಇಲ್ಲ.

2006ರ ನವೆಂಬರ್ 17ರಂದು ಅವರು ತೀರಿಕೊಂಡರು. ಮರುದಿನವೇ ಮಿಷಿಗನ್–ಒಹಾಯೋ ಸ್ಟೇಟ್ ಪಂದ್ಯ, ದೇಶದ ಮೊದಲನೆಯ ತಂಡಕ್ಕೂ ಎರಡನೆಯ ತಂಡಕ್ಕೂ. ನಡೆದಿದ್ದು ಒಹಾಯೋದ ಕೊಲಂಬಸ್‌ನಲ್ಲಿ. ಆ ಒಂದು ಲಕ್ಷ ಶತ್ರುಗಳು ಬೋಗಾಗಿ ಎದ್ದು ನಿಂತು ಮೌನ ಆಚರಿಸಿದರು. ಮೊದಲಾಗಿದ್ದರೆ ನಾನು ಕತೆಯನ್ನು ಇಲ್ಲಿಗೇ ನಿಲ್ಲಿಸುತ್ತಿದ್ದೆ.

ಈಗ ನಿಲ್ಲಿಸಲಾಗುವುದಿಲ್ಲ. ಮಿಷಿಗನ್‌ನಲ್ಲಿ ಬಹಳ ವರ್ಷ ಕೆಲಸ ಮಾಡಿದ ಒಬ್ಬ ವೈದ್ಯ ತಪಾಸಣೆಯ ನೆಪದಲ್ಲಿ ಲೈಂಗಿಕ ದೌರ್ಜನ್ಯ ಮಾಡಿದ್ದ ಅಂತ ಸಾವಿರಕ್ಕೂ ಜಾಸ್ತಿ ಜನ ಹೇಳಿದ್ದಾರೆ. ಅವರಲ್ಲಿ ಫುಟ್‌ಬಾಲ್ ಹುಡುಗರೂ ಇದ್ದರು. 2021ರಲ್ಲಿ ಬೋ ಮಗನೇ ಎದುರು ಬಂದು, 1969ರಲ್ಲಿ ಹತ್ತು ವರ್ಷದವನಿದ್ದಾಗ ನನಗೂ ಹಾಗಾಯಿತು, ಅಪ್ಪನಿಗೆ ಹೇಳಿದರೆ ಕೇಳಲಿಲ್ಲ ಅಂದರು. ಬೋಗೆ ಹೇಳಿದ್ದೆವು ಅಂತ ಹಳೆಯ ಆಟಗಾರರೂ ಅಂದರು. ಅವರಿಗೆ ಗೊತ್ತಿದ್ದರೆ ಸುಮ್ಮನಿರುತ್ತಿರಲಿಲ್ಲ ಅನ್ನುವ ಆಪ್ತರೂ ಇದ್ದಾರೆ. ನಾನು ಆ ಹುಡುಗರ ಮಾತನ್ನು ನಂಬುತ್ತೇನೆ. 2022ರ ಜನವರಿಯಲ್ಲಿ ವಿಶ್ವವಿದ್ಯಾಲಯ 49 ಕೋಟಿ ಡಾಲರ್ ಪರಿಹಾರ ಕೊಡಲು ಒಪ್ಪಿಕೊಂಡಿತು.

ಆ ಒಪ್ಪಂದಕ್ಕೆ ಮೊದಲು, 2021ರ ಅಕ್ಟೋಬರ್‌ನಲ್ಲಿ, ಬೋ ಕೈಕೆಳಗೆ ಆಡಿದ್ದ ಒಬ್ಬ ಮಾಜಿ ಆಟಗಾರ, ಆ ವೈದ್ಯನ ಕೈಗೆ ಸಿಕ್ಕಿದ್ದವರಲ್ಲಿ ತಾನೂ ಒಬ್ಬ ಅನ್ನುವವರು, ಆನ್ ಆರ್ಬರ್‌ನಲ್ಲಿ ವಿಶ್ವವಿದ್ಯಾಲಯದ ಅಧ್ಯಕ್ಷರ ಮನೆಯ ಮುಂದೆ ಟೆಂಟ್ ಹಾಕಿಕೊಂಡು ಕೂತರು. ಚಳಿ ಶುರುವಾಯಿತು, ಹಿಮ ಬಿತ್ತು. ಅವರು ಅಲ್ಲಿಂದ ಏಳಲಿಲ್ಲ.