ಗಂಡ ರಿಹ್ಯಾಬ್‌ನಿಂದ ಮನೆಗೆ ಬಂದ ಮೇಲೆ: ಸಭೆಯ ಪಾಲಿನ ಕೆಲಸ

ಪ್ರಿಯರೇ,

ಕುಡಿತ ಬಿಡಿಸುವ ಕೇಂದ್ರಕ್ಕೆ ಸೇರಿಸುವವರೆಗೆ ಸಭೆಯವರು ಜೊತೆಗಿರುತ್ತಾರೆ. ಆಟೋ ಹಿಡಿದು ಬರುತ್ತಾರೆ, ಅಡ್ವಾನ್ಸ್ ಕಟ್ಟಲು ಕೈಜೋಡಿಸುತ್ತಾರೆ, ಉಪವಾಸ ಪ್ರಾರ್ಥನೆ ಮಾಡುತ್ತಾರೆ. ಆತ ಮನೆಗೆ ಬಂದ ದಿನ ‘ದೇವರಿಗೆ ಸ್ತೋತ್ರ’ ಎಂದು ಹೇಳಿ ಎಲ್ಲರೂ ಹೊರಟುಬಿಡುತ್ತಾರೆ. ಹೆಂಡತಿ ಒಬ್ಬಳೇ ಉಳಿಯುವುದು ಆ ಸಂಜೆ. ಇವತ್ತು ಮಾತಾಡಬೇಕಾಗಿರುವುದು ಆ ಸಂಜೆಯ ಬಗ್ಗೆ.

ಅದಕ್ಕೂ ಮುಂಚೆ ಒಂದು ಎಚ್ಚರಿಕೆ. ವರ್ಷಗಟ್ಟಲೆ ದಿನವೂ ಕುಡಿದವರನ್ನು ಮನೆಯಲ್ಲೇ ಕೂರಿಸಿ ಒಮ್ಮೆಲೇ ನಿಲ್ಲಿಸಬೇಡಿ. 6ರಿಂದ 12 ಗಂಟೆಯೊಳಗೆ ಕೈ ನಡುಕ, ಬೆವರು ಶುರುವಾಗುತ್ತದೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರು ಬಡಬಡಿಸುತ್ತಾರೆ, ಗೋಡೆಯ ಮೇಲೆ ಇಲ್ಲದ ಹುಳ ಕಾಣುತ್ತದೆ ಎನ್ನುತ್ತಾರೆ. ಇದನ್ನು ದೆವ್ವ ಎಂದು ತಿಳಿದು ಬಿಡಿಸಲು ಕೂತರೆ ಪ್ರಾಣವೇ ಹೋಗಬಹುದು. 108ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಇಂಥವರಿಂದ ಉಪವಾಸವನ್ನೂ ಮಾಡಿಸಬಾರದು. ಕುಡಿತದಿಂದ ಅವರ ಮೈಯಲ್ಲಿ ಥಯಾಮಿನ್ ಎಂಬ ವಿಟಮಿನ್ ಮೊದಲೇ ಬರಿದಾಗಿರುತ್ತದೆ. ಅದು ಇನ್ನೂ ಇಳಿದರೆ ನೆನಪಿನ ಶಕ್ತಿಗೇ ಏಟು ಬೀಳುತ್ತದೆ. ಉಪವಾಸವನ್ನು ನೀವು ಮಾಡಿ, ಅವರಿಗೆ ಊಟ ಕೊಡಿ.

ಇನ್ನು ಸಂಜೆಯ ವಿಷಯ. ಕುಡಿಯುತ್ತಿದ್ದ ಹೊತ್ತು, ಆರರಿಂದ ಒಂಬತ್ತು ಗಂಟೆ, ಈಗ ಖಾಲಿ. ಮೊದಲ ಮೂರು ತಿಂಗಳು ಆ ಹೊತ್ತಿಗೆ ಸಭೆಯ ಆರೇಳು ಜನ ವಾರಕ್ಕೊಂದು ಸಂಜೆ ಹಂಚಿಕೊಳ್ಳಿ. ಗಂಡಸರಿಗೆ ಗಂಡಸರೇ ಹೋಗಲಿ. ಉಪದೇಶ ಬೇಡ, ಕಾಫಿ ಕುಡಿಯಿರಿ, ಒಂದು ಕೀರ್ತನೆ ಓದಿ, ನಡೆದಾಡಿ ಬನ್ನಿ. ಬಾರ್ ಇರುವ ರಸ್ತೆ ಬಿಟ್ಟು ಬೇರೆ ದಾರಿಯಲ್ಲಿ ಹೋಗಿ. ಸಂಬಳದ ದಿನದ ಸಂಜೆ ಯಾರೂ ತಪ್ಪಿಸಬೇಡಿ. ವಾರಕ್ಕೆ ಒಂದೆರಡು ದಿನ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟ) ಮೀಟಿಂಗಿಗೆ ಜೊತೆಗೆ ಹೋಗಿ. ಕುಡಿತದಿಂದ ಹೊರಬಂದವರು ಆಡುವ ಮಾತು ಅಲ್ಲಿ ಸಿಗುತ್ತದೆ, ನಮ್ಮಿಂದ ಸಿಗುವುದಿಲ್ಲ.

ಕುಡಿತದಿಂದ ದೂರವಿಡಲು ವೈದ್ಯರು ಡೈಸಲ್ಫಿರಾಂ ಎಂಬ ಮಾತ್ರೆ ಕೊಟ್ಟಿದ್ದರೆ ತುಂಬ ಜಾಗ್ರತೆ. ಅದರ ಮೇಲೆ ಹೆಂಡ ಬಿದ್ದರೆ ಮುಖ ಕೆಂಪಾಗುತ್ತದೆ, ಎದೆ ಡವಗುಟ್ಟುತ್ತದೆ, ವಾಂತಿಯಾಗುತ್ತದೆ, ಬಿಪಿ ಕುಸಿಯುತ್ತದೆ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಹೀಗಾಗಬಹುದು. ಆದ್ದರಿಂದ ಗುಟ್ಟಾಗಿ ಸಾರಿನಲ್ಲಿ ಬೆರೆಸಿ ಕೊಡುವುದನ್ನು ದಯವಿಟ್ಟು ಬಿಡಿ. ಪ್ರೀತಿಯಿಂದಲೇ ಮಾಡುತ್ತಾರೆ, ಒಪ್ಪುತ್ತೇನೆ; ಆದರೆ ಮಾತ್ರೆ ಬೆರೆಸಿದ್ದು ಗೊತ್ತಿಲ್ಲದೆ ಆತ ಕುಡಿದರೆ ಜೀವಕ್ಕೆ ಅಪಾಯ. ಆತನೇ ಒಪ್ಪಿ, ಬೆಳಗಿನ ಪ್ರಾರ್ಥನೆಯಾದ ಮೇಲೆ ಹೆಂಡತಿಯ ಎದುರಿಗೆ ನುಂಗುವುದು ಸರಿಯಾದ ಕ್ರಮ. ಕೆಲವು ಕೆಮ್ಮಿನ ಸಿರಪ್‌ನಲ್ಲೂ ಆಲ್ಕೋಹಾಲ್ ಇರುತ್ತದೆ, ಲೇಬಲ್ ನೋಡಿ.

ಪ್ರಭುಭೋಜನದ ಪಾತ್ರೆಯ ವಿಷಯವನ್ನು ಸಭಾಪಾಲಕರೊಂದಿಗೆ ಮುಂಚೆಯೇ ಮಾತಾಡಿಕೊಳ್ಳಿ. ಒಂದು ಗುಟುಕು ದ್ರಾಕ್ಷಾರಸವೂ ಈ ಮಾತ್ರೆಗೆ ಹೊಂದುವುದಿಲ್ಲ. ಮಾತ್ರೆ ಇಲ್ಲದವರಿಗೂ ಆ ವಾಸನೆ ಹಳೆಯ ಆಸೆ ಕೆರಳಿಸಬಹುದು. ರೊಟ್ಟಿ ಮಾತ್ರ ತೆಗೆದುಕೊಳ್ಳಬಹುದು, ಇಲ್ಲವೇ ಹುಳಿ ಬರಿಸದ ದ್ರಾಕ್ಷಿ ರಸ ಇಡಬಹುದು. ಕ್ಯಾಥೊಲಿಕ್ ಸಭೆಯಲ್ಲಿ ರೊಟ್ಟಿಯ ರೂಪದ ಪರಮಪ್ರಸಾದವೊಂದೇ ಪೂರ್ಣವೆಂಬ ನಂಬಿಕೆ ಇದೆ, ಅಲ್ಲಿ ಸಂಕೋಚಪಡುವ ಕಾರಣವೇ ಇಲ್ಲ.

ಕೇಂದ್ರದಿಂದ ಹೊಸದಾಗಿ ಬಂದವರನ್ನು ವೇದಿಕೆಗೆ ಹತ್ತಿಸಿ ಸಾಕ್ಷಿ ಹೇಳಿಸಬೇಡಿ. ಮುಂದೆ ಒಂದು ದಿನ ಕಾಲು ಜಾರಿದರೆ ನಾಚಿಕೆಯಿಂದ ಅವರು ಮೊದಲು ಬಿಡುವುದು ಚರ್ಚನ್ನೇ. ಪ್ರಾರ್ಥನೆ ವಿನಂತಿಯಲ್ಲೂ ಅವರನ್ನು ಕೇಳದೆ ಹೆಸರು ಓದಬಾರದು. ಮತ್ತೆ ಕುಡಿದು ಬಂದರೆ ಆ ರಾತ್ರಿ ವಾದ ಬೇಡ, ಮಾತೆಲ್ಲ ಬೆಳಿಗ್ಗೆ. ಅದೇ ದಿನ ವೈದ್ಯರಿಗೆ ತಿಳಿಸಿ. ಒಮ್ಮೆ ಕುಡಿದ ಮಾತ್ರಕ್ಕೆ ಪಟ್ಟ ಶ್ರಮವೆಲ್ಲ ಮಣ್ಣಾಗುವುದಿಲ್ಲ, ಮುಚ್ಚಿಟ್ಟರೆ ಆಗುತ್ತದೆ.

ಹೆಂಡತಿಗೆ ‘ಸಹಿಸಿಕೋ, ಕ್ಷಮಿಸು’ ಎಂದಷ್ಟೇ ಹೇಳಿ ಕಳಿಸುವುದು ದೊಡ್ಡ ತಪ್ಪು. ಕ್ಷಮೆ ಎಂದರೆ ಹೊಡೆತ ತಿನ್ನುವುದಲ್ಲ. ಕೈ ಎತ್ತಿದರೆ ಮಕ್ಕಳನ್ನು ಕರೆದುಕೊಂಡು ಹೊರಬರಲಿ, ತುರ್ತು ಸಹಾಯದ 112ಕ್ಕೆ ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಲಿ. ಎರಡು ದಿನ ಇರಲು ಯಾರ ಮನೆ ಎಂಬುದನ್ನು ಸಭೆ ಮೊದಲೇ ಗೊತ್ತುಮಾಡಿರಬೇಕು. ಗಂಡನ ಪರವಾಗಿ ಆಫೀಸಿಗೆ ಸುಳ್ಳು ಹೇಳುವುದು, ಬಾರಿನ ಸಾಲ ತೀರಿಸುವುದು ಅವಳ ಹೊಣೆಯಲ್ಲ. ಕುಡಿಯುವವರ ಮನೆಯವರಿಗೆಂದೇ 1951ರಲ್ಲಿ ಅಲ್-ಅನಾನ್ ಎಂಬ ಕೂಟ ಶುರುವಾಯಿತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಆಸ್ಪತ್ರೆಯ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಕುಡಿಯುವುದು ಹೆಂಡತಿಯಾದರೆ ಗಂಡ ಇನ್ನೂ ಹೆಚ್ಚು ಮುಚ್ಚಿಡುತ್ತಾನೆ. ಅವನ ಬಾಗಿಲನ್ನೂ ತಟ್ಟಿ.

ಕೊನೆಗೆ ಕ್ರಿಸ್ಮಸ್. ನಮ್ಮ ಮನೆಗಳಲ್ಲಿ ನೀಲಿ ದ್ರಾಕ್ಷಿಯ ವೈನ್ ಭರಣಿ, ರಮ್‌ನಲ್ಲಿ ನೆನೆಸಿದ ಒಣಹಣ್ಣಿನ ಕೇಕ್ ಇದ್ದೇ ಇರುತ್ತವೆ. ಬೇಯಿಸಿದರೂ ರಮ್ ಪೂರ್ತಿ ಹೋಗುವುದಿಲ್ಲ. ಆ ಮನೆಗೆ ಕೇಕ್ ಕಳಿಸುವವರು ಹಣ್ಣನ್ನು ಕಿತ್ತಳೆ ರಸದಲ್ಲಿ ನೆನೆಸಿ. ರಸದಲ್ಲಿ ನೆನೆದದ್ದು ಬೇಗ ಕೆಡುತ್ತದೆ, ಹಾಗಾಗಿ ವಾರಗಟ್ಟಲೆ ಮುಂಚೆ ಬೇಡ, ಹಿಂದಿನ ರಾತ್ರಿ ನೆನೆಸಿ ಫ್ರಿಜ್‌ನಲ್ಲಿಟ್ಟರೆ ಸಾಕು.