ಮೂರು ವರ್ಷಕ್ಕೊಮ್ಮೆ ಹೊಸದಾಗುವ ಸಭೆ

ಪ್ರಿಯರೇ,

ಊರಿನ ಚರ್ಚಿನಲ್ಲಿ ಅಜ್ಜ, ಮಗ, ಮೊಮ್ಮಗ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಸಭಾಪಾಲಕರು ವರ್ಗವಾಗಿ ಹೋದರೂ ಸಭೆ ಅಲ್ಲೇ ಇರುತ್ತದೆ. ಕ್ಯಾಂಪಸ್‌ನಲ್ಲಿ ಇದು ತಿರುವುಮುರುವು. ಚಾಪ್ಲೇನ್, ಅಂದರೆ ಕಾಲೇಜಿನ ಕ್ರೈಸ್ತ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಪಾದ್ರಿ, ಉಳಿಯುತ್ತಾರೆ, ಸಭೆ ಹೊರಟುಹೋಗುತ್ತದೆ. ಕ್ವಾಯರ್ ಹದಕ್ಕೆ ಬಂತು ಅನ್ನುವಷ್ಟರಲ್ಲಿ ಹಾಡುವವರ ಕೊನೆಯ ಸೆಮಿಸ್ಟರ್ ಮುಗಿದಿರುತ್ತದೆ. ಹೀಗೆ ಹರಿದುಹೋಗುತ್ತಲೇ ಇರುವ ಮಕ್ಕಳ ನಡುವೆ ಸಮುದಾಯ ನಿಲ್ಲಬೇಕಾದರೆ ಅದು ಚಾಪ್ಲೇನ್ ಕೈಯಲ್ಲಿರಬಾರದು, ವಿದ್ಯಾರ್ಥಿಗಳ ಕೈಯಲ್ಲೇ ಇರಬೇಕು. ಈ ಕೆಲಸಕ್ಕೆ ಹೊಸದಾಗಿ ಬಂದಿರುವ ನಿಮಗೆ ನಾನು ಹೇಳಬೇಕೆಂದಿರುವುದು ಇಷ್ಟೇ.

ಮೊದಲು, ಬರುವವರು ಯಾರು ನೋಡಿ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ಶೇ. 1.87. ಮಿಜೋರಾಂ, ನಾಗಾಲ್ಯಾಂಡ್‌ಗಳಲ್ಲಿ ಶೇ. 87–88. ಐಜಾಲ್‌ನಿಂದ ಬೆಂಗಳೂರಿಗೆ ಓದಲು ಬಂದ ಹುಡುಗಿಗೆ ಭಾನುವಾರವೂ ಅಂಗಡಿ ತೆರೆದಿರುವುದೇ ಹೊಸದು. ಅವಳ ಪಕ್ಕದ ರೂಮಿನಲ್ಲಿ ಕೇರಳದ ಕೊಟ್ಟಾಯಂನ ಸಿರಿಯನ್ ಕ್ರೈಸ್ತ ಹುಡುಗಿ, ಎದುರು ರೂಮಿನಲ್ಲಿ ಮಂಗಳೂರಿನ ಕೊಂಕಣಿ ಕ್ಯಾಥೊಲಿಕ್, ಮೇಲಿನ ಮಹಡಿಯಲ್ಲಿ ಬೀದರ್ ಕಡೆಯ ಮೆಥೊಡಿಸ್ಟ್. ಎಲ್ಲರನ್ನೂ ‘ಕ್ರಿಶ್ಚಿಯನ್ ಸ್ಟೂಡೆಂಟ್ಸ್’ ಎಂದು ಒಂದೇ ಪಟ್ಟಿಯಲ್ಲಿ ಬರೆದುಬಿಡುವುದು ಸುಲಭ. ಒಂದೇ ಸಭೆಯಾಗಿಸುವುದು ಹಾಗಲ್ಲ.

ಇಲ್ಲಿ ಒಂದು ಮಾತು ನಿಷ್ಠುರವಾಗಿ ಹೇಳುತ್ತೇನೆ. ಐಕ್ಯದ ಹುಮ್ಮಸ್ಸಿನಲ್ಲಿ ಸಂಸ್ಕಾರಗಳ, ಅಂದರೆ ಸಭೆಯ ಪವಿತ್ರ ವಿಧಿಗಳ, ಭೇದವನ್ನು ಮುಚ್ಚಿಡಬೇಡಿ. ಕ್ಯಾಥೊಲಿಕ್ ಬಲಿಪೂಜೆಯಲ್ಲಿ (ಮಾಸ್) ಪ್ರೊಟೆಸ್ಟೆಂಟ್ ಪಂಥವಾದ ಬ್ಯಾಪ್ಟಿಸ್ಟ್ ಸಭೆಯ ಹುಡುಗ ಸಾಮಾನ್ಯವಾಗಿ ಪರಮಪ್ರಸಾದ ಸ್ವೀಕರಿಸುವಂತಿಲ್ಲ. ಅದು ನೋವಿನ ಸಂಗತಿ, ಆ ನೋವನ್ನು ಅವರೆದುರಿಗೇ ಒಪ್ಪಿಕೊಳ್ಳಿ. ಆದರೆ ವೇದಪಾಠ, ಹಾಡು, ಪ್ರಾರ್ಥನೆ, ಊಟ ಇವುಗಳಿಗೆ ಯಾವ ತಡೆಯೂ ಇಲ್ಲ. 1947ರಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್ ಮೊದಲಾದ ಪರಂಪರೆಗಳು ಕೂಡಿ ದಕ್ಷಿಣ ಭಾರತ ಸಭೆಯಾಗುವುದಕ್ಕೂ ಬಹಳ ವರ್ಷಗಳ ಮಾತುಕತೆ ಬೇಕಾಯಿತು. ಹಾಸ್ಟೆಲ್ ಹುಡುಗರಿಂದ ಒಂದೇ ಸೆಮಿಸ್ಟರಿನಲ್ಲಿ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ನಮ್ಮಲ್ಲಿ ಗುರುವಾರ ಮೆಸ್ಸಿನ ಊಟವಾದ ಮೇಲೆ ಹತ್ತು ಹನ್ನೆರಡು ಮಂದಿ ಹಾಸ್ಟೆಲ್‌ನ ಟಿವಿ ರೂಮಿನಲ್ಲಿ ಸೇರುತ್ತಾರೆ. ನಾನು ಹೋದರೂ ಮಾತನಾಡುವುದು ಕಡಿಮೆ. ಸುವಾರ್ತೆಯ ಒಂದು ಭಾಗವನ್ನು ಒಬ್ಬರು ಮಿಜೋದಲ್ಲಿ, ಇನ್ನೊಬ್ಬರು ಕನ್ನಡದಲ್ಲಿ ಓದುತ್ತಾರೆ. ಅವರ ಬಳಿ ಉದ್ದನೆಯ ರಟ್ಟಿನ ನೋಟ್‌ಬುಕ್ಕೊಂದಿದೆ. ಯಾರಿಗೆ ಇಂಟರ್ನಲ್ಸ್ ಕೈಕೊಟ್ಟಿತು, ಯಾರ ಅಮ್ಮನಿಗೆ ಆಪರೇಷನ್, ಯಾರು ಎರಡು ವಾರದಿಂದ ಮೆಸ್ಸಿಗೆ ಬಂದಿಲ್ಲ, ಎಲ್ಲ ಅದರಲ್ಲಿದೆ. ಕೊನೆಯ ಪುಟಗಳಲ್ಲಿ ಹೆಸರಿನ ಮುಂದೆ ರಕ್ತದ ಗುಂಪು. ಡೆಂಗಿ ಕಾಲದಲ್ಲಿ ಪ್ಲೇಟ್‌ಲೆಟ್ ಬೇಕೆಂದು ರಾತ್ರಿ ಹೊತ್ತಿನಲ್ಲಿ ಫೋನ್ ಬಂದರೆ ಅವರು ನನ್ನನ್ನು ಎಬ್ಬಿಸುವುದಿಲ್ಲ, ಆ ಪುಟ ತೆರೆಯುತ್ತಾರೆ. ಬೇಕಾದವರು ಕ್ರೈಸ್ತರೋ ಅಲ್ಲವೋ ಎಂದು ಕೇಳುವುದೂ ಇಲ್ಲ. ಇದನ್ನು ನೋಡಿ ನನಗಾಗುವ ಸಂತೋಷ ತುಂಬಿದ ಚಾಪೆಲ್ ನೋಡಿದಾಗಲೂ ಆಗುವುದಿಲ್ಲ.

ಆ ನೋಟ್‌ಬುಕ್ ಎರಡನೇ ವರ್ಷದವರ ಬಳಿ ಇರಬೇಕು, ಮೂರನೇ ವರ್ಷದವರು ಪಕ್ಕದಲ್ಲಿರುವಾಗಲೇ. ಫೆಬ್ರವರಿಯೊಳಗೆ ಅದು ಕೈ ಬದಲಾಗದಿದ್ದರೆ ಮುಂದಿನ ಜುಲೈಗೆ ಮತ್ತೆ ಸೊನ್ನೆಯಿಂದ ಶುರು. ವಿದ್ಯಾರ್ಥಿಗಳಿಗೆ ಇಷ್ಟು ಹೊಣೆ ಹೊರಿಸಬಹುದೇ ಎನ್ನುವವರಿಗೆ ನಮ್ಮ ದೇಶದ ಇತಿಹಾಸವೇ ಉತ್ತರ: 1912ರಿಂದ ವಿದ್ಯಾರ್ಥಿ ಕ್ರೈಸ್ತ ಚಳವಳಿ, 1924ರಿಂದ ಅಖಿಲ ಭಾರತ ಕ್ಯಾಥೊಲಿಕ್ ವಿಶ್ವವಿದ್ಯಾಲಯ ಒಕ್ಕೂಟ ನಡೆದುಬಂದಿರುವುದು ಇಂಥದೇ ವಯಸ್ಸಿನವರ ಉತ್ಸಾಹದಿಂದ.

2012ರ ಆಗಸ್ಟ್ ನಿಮಗೂ ನೆನಪಿರಬಹುದು. ಮೊಬೈಲಿನಲ್ಲಿ ಹರಡಿದ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದರು. ಸರ್ಕಾರ, ಪೊಲೀಸರು ಧೈರ್ಯ ಹೇಳಿದರೂ ಜನ ಹೊರಟೇ ಹೊರಟರು. ಅಂಥ ರಾತ್ರಿಯಲ್ಲಿ ಮನುಷ್ಯನಿಗೆ ಬೇಕಾಗುವುದು ‘ನಮ್ಮ ಮನೆಗೆ ಬಾ’ ಎನ್ನುವ ಪರಿಚಯದ ದನಿ. ನಿಮ್ಮ ಕ್ಯಾಂಪಸ್‌ನ ಮಣಿಪುರದ ಹುಡುಗನಿಗೆ ಈ ಊರಿನ ಎಷ್ಟು ಮನೆಗಳ ಬಾಗಿಲು ಗೊತ್ತು? ಹತ್ತಿರದ ಸಭೆಯ ಕುಟುಂಬಗಳು ತಿಂಗಳಿಗೊಮ್ಮೆ ಇಬ್ಬಿಬ್ಬರನ್ನು ಊಟಕ್ಕೆ ಕರೆಯುವಂತೆ ಮಾಡಿ. ಸಾರು ಖಾರವಾದರೂ ಪರವಾಗಿಲ್ಲ, ದಾರಿ ಗೊತ್ತಾಗುತ್ತದೆ.

ಇನ್ನು, ಹೊರಟವರನ್ನು ಹಾಗೇ ಕಳಿಸಬೇಡಿ. ಕ್ಯಾಂಪಸ್‌ನಲ್ಲಿ ಹಾಡು ಕಟ್ಟುತ್ತಿದ್ದವರು ಕೆಲಸ ಸಿಕ್ಕ ಮೇಲೆ ಯಾವ ಸಭೆಗೂ ಸೇರದೆ ಕಳೆದುಹೋಗುವುದು ಬಹಳ. ಕೊನೆಯ ಪರೀಕ್ಷೆಗೆ ಮುಂಚೆಯೇ ಯಾರು ಯಾವ ಊರಿಗೆ ಹೋಗುತ್ತಾರೆ ಎಂದು ಕೇಳಿಕೊಳ್ಳಿ. ಪುಣೆಗೆ ಹೊರಟವಳಿಗೆ ಅಲ್ಲಿನ ಸಭಾಪಾಲಕರ ನಂಬರ್ ಕೊಡಿ. ಅಷ್ಟೇ ಸಾಲದು, ಅವಳು ರೈಲು ಹತ್ತುವ ಮೊದಲೇ ನೀವೇ ಅವರಿಗೆ ಫೋನ್ ಮಾಡಿ, ‘ನಮ್ಮ ಹುಡುಗಿ ಬರುತ್ತಿದ್ದಾಳೆ, ಚೆನ್ನಾಗಿ ಹಾಡುತ್ತಾಳೆ’ ಎಂದು ಹೇಳಿಡಿ.